ಮುಳುಗಿದ ಹಡಗಿನ ಬೆಳ್ಳಿ ಸಿಕ್ಕಿದವನಿಗೇ ಅಲ್ವಾ?

ಕೊಡಗಿಗೆ ಸಮುದ್ರ ಇಲ್ಲ. ಆದರೂ ಮದುವೆ ಮನೆಯಲ್ಲಿ ನನ್ನನ್ನು ಕಂಡರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಣ್ಣ, ನೀವು ಹಡಗಲ್ಲಿ ಇದ್ದವರು. ಮುಳುಗಿದ ಹಡಗಿನ ಬೆಳ್ಳಿ, ಬಂಗಾರ ಸಿಕ್ಕಿದವನಿಗೇ ಅಲ್ವಾ?"

ಅಲ್ಲ. ಸಂಪಾಜೆ ಘಾಟಿಯಲ್ಲಿ ಕಾಫಿ ಲಾರಿಯೊಂದು ಮಗುಚಿತು ಅಂದುಕೊಳ್ಳಿ. ಮೂಟೆಗಳು ಕೆಳಗಿನ ತೋಡಿಗೆ ಬಿದ್ದವು. ನೀವು ಹಗ್ಗ ಕಟ್ಟಿ ಇಳಿದು ಹೊತ್ತು ತಂದಿರಿ. ಕಾಫಿ ನಿಮ್ಮದಾಯಿತಾ? ಇಲ್ಲ, ಸಾಹುಕಾರರದ್ದೇ. ನಿಮ್ಮ ಕಷ್ಟಕ್ಕೆ ತಕ್ಕ ಸಂಭಾವನೆ ಸಿಗಬೇಕು, ಅಷ್ಟೇ. ಸಾಹುಕಾರರು ಆಗಲೇ ಇನ್ಶೂರೆನ್ಸ್ ದುಡ್ಡು ತಗೊಂಡಿದ್ದರೆ? ಆಗ ಮೂಟೆ ಇನ್ಶೂರೆನ್ಸ್‌ನವರದ್ದು.

ನಮ್ಮ ಕಡೆಯ ಹೆಸರಿದ್ದ ಹಡಗಿನಲ್ಲೂ ಹೀಗೇ ಆಯಿತು. ಶರಾವತಿ ದಡದ ಗೇರುಸೊಪ್ಪೆ ಗೊತ್ತಲ್ಲ? ಇಂಗ್ಲಿಷರ ಬಾಯಲ್ಲಿ ಅದು 'ಗೈರ್‌ಸೊಪ್ಪ'. ಆ ಹೆಸರಿನ ಹಡಗು ಬೆಳ್ಳಿ, ಚಹಾ, ಕಬ್ಬಿಣ ತುಂಬಿಕೊಂಡು ಕಲ್ಕತ್ತಾದಿಂದ ಹೊರಟಿತ್ತು. 1941ರ ಫೆಬ್ರವರಿಯಲ್ಲಿ ಐರ್ಲೆಂಡಿನಾಚೆ ಜರ್ಮನ್ ಸಬ್‌ಮರೀನ್ ಅದನ್ನು ಹೊಡೆಯಿತು. ಕೊನೆಗೆ ಬದುಕಿ ಉಳಿದವನು ಒಬ್ಬನೇ. ಬೆಳ್ಳಿಗೆ ಯುದ್ಧದ ವಿಮೆ ಕೊಟ್ಟದ್ದು ಬ್ರಿಟಿಷ್ ಸರ್ಕಾರ. ಹಾಗಾಗಿ ಬೆಳ್ಳಿ ಅವರದ್ದಾಯಿತು. 2011ರಲ್ಲಿ ಒಡಿಸ್ಸಿ ಎಂಬ ಅಮೆರಿಕದ ಕಂಪನಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗು ಪತ್ತೆಹಚ್ಚಿ, ಮುಂದಿನ ಎರಡು ವರ್ಷದಲ್ಲಿ ಸುಮಾರು 110 ಟನ್ ಬೆಳ್ಳಿ ಎತ್ತಿತು. ಕರಾರು ಮೊದಲೇ ಆಗಿತ್ತು: ಖರ್ಚು ಕಳೆದು ಉಳಿದದ್ದರಲ್ಲಿ ಶೇಕಡಾ 80 ಕಂಪನಿಗೆ. ಗದ್ದೆ ವಾರಕ್ಕೆ ಕೊಟ್ಟ ಹಾಗೆ. ಆದರೆ ಇಲ್ಲಿ ಗೇಯುವವನಿಗೇ ಜಾಸ್ತಿ!

ಇದೇ ಕಂಪನಿ ಕರಾರಿಲ್ಲದೆ ಇಳಿದು ಕೈ ಸುಟ್ಟುಕೊಂಡದ್ದೂ ಉಂಟು. 1804ರಲ್ಲಿ ಪೋರ್ಚುಗಲ್ ಬಳಿ ಮುಳುಗಿದ ಸ್ಪೇನ್‌ನ 'ಮರ್ಸೆಡಿಸ್' ಹಡಗಿನಿಂದ 2007ರಲ್ಲಿ ಸುಮಾರು 6 ಲಕ್ಷ ನಾಣ್ಯ ಎತ್ತಿ ಫ್ಲೋರಿಡಾಕ್ಕೆ ಸಾಗಿಸಿತು. ಸ್ಪೇನ್ ಕೇಸು ಹಾಕಿತು. ಇದು ಇನ್ನೊಂದು ದೇಶದ ನೌಕಾಪಡೆಯ ಹಡಗು, ಇದನ್ನು ಕಂಪನಿಗೆ ಕೊಡಲು ಬರುವುದಿಲ್ಲ ಎಂದಿತು ಅಮೆರಿಕದ ಕೋರ್ಟು. 2012ರಲ್ಲಿ ನಾಣ್ಯಗಳೆಲ್ಲ ವಿಮಾನ ಹತ್ತಿದವು. ಕಂಪನಿಗೆ ಬಿಡಿಗಾಸೂ ಇಲ್ಲ.

ನಡುವೆ ಪೆರು ದೇಶವೂ ಬಂದಿತ್ತು, ನಮ್ಮ ನೆಲದ ಸಂಪತ್ತು ಅಂತ. ಬರಿಗೈಲಿ ಹೋಯಿತು. ನನಗಂತೂ ಅವರ ಮಾತು ಸುಮ್ನೆ ತಳ್ಳಿಹಾಕುವಂಥದ್ದು ಅನ್ನಿಸುವುದಿಲ್ಲ. ನಮ್ಮ ಚಿಕ್ಕವೀರರಾಜನೂ 1834ರಲ್ಲಿ ರಾಜ್ಯ ಕಳೆದುಕೊಂಡ ಮೇಲೆ ಲಂಡನ್ನಿಗೇ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ಹತ್ತಿರ ತನ್ನ ದುಡ್ಡು ಕೇಳಿದವನಲ್ವಾ? 1859ರಲ್ಲಿ ಅಲ್ಲೇ ತೀರಿಕೊಂಡ. ದುಡ್ಡು ಬರಲೇ ಇಲ್ಲ.

ಇಷ್ಟು ಹೇಳಿದ ಮೇಲೂ ಮೊನ್ನೆ ಒಬ್ಬ ಹತ್ತಿರ ಬಂದು ಪಿಸುಗುಟ್ಟಿದ: "ಯಾರಿಗೂ ಹೇಳದೆ ಎತ್ತಿಬಿಟ್ಟರೆ?"

"110 ಟನ್ ಬೆಳ್ಳಿ ಎಲ್ಲಿ ಅಡಗಿಸಿಡ್ತೀಯ ಮಾರಾಯ, ಕಾಫಿ ಕಣದಲ್ಲಾ?"