ಖಾತೆಯ ವಿವರದಲ್ಲಿ ಜೂಜಿನ ಜಾಡು

ಜಮಖಂಡಿ, ಮುಧೋಳ ಭಾಗದಲ್ಲಿ ಕಾರ್ಖಾನೆಗಳಿಂದ ಕಬ್ಬಿನ ಬಿಲ್ಲು ಜಮೆಯಾಗುವ ಕಾಲಕ್ಕೆ ನನ್ನಂತಹ ಬ್ಯಾಂಕ್ ನೌಕರರ ಕೈಗೆ ಬರುವ ಕೆಲವು ಸ್ಟೇಟ್‌ಮೆಂಟುಗಳಲ್ಲಿ, ಸಾಲ ಕೇಳಲು ಬಂದವರು ಬಾಯಿಬಿಟ್ಟು ಹೇಳದ ಸಂಗತಿಯೊಂದು ಕಾಣಿಸುತ್ತದೆ. ಬಿಲ್ಲು ಬಿದ್ದ ದಿನವೇ 500, ಮತ್ತೆ 500, ಬಳಿಕ 1,000, 2,000, 5,000 ಎಂದು ಏರುತ್ತ ಹೋದ ಯುಪಿಐ ಪಾವತಿಗಳು. ನಡುವೆ ಒಮ್ಮೆ ಒಂದಿಷ್ಟು ಹಣ ಮರಳಿ ಬಂದು ಅದೇ ದಿನ ಹೊರಗೆ ಹೋದದ್ದು. ಕೆಲವೇ ದಿನಗಳಲ್ಲಿ ಯಾವುದೋ ಸಾಲದ ಆ್ಯಪ್‌ನಿಂದ ಬಂದ ಸಣ್ಣ ಜಮೆ. ಇದು ಆನ್‌ಲೈನ್ ಜೂಜು ಎಂದು ಊಹಿಸುವುದು ಸುಲಭ. ಆದರೆ ಮೋಜಿಗೆ ಆಡುವವರನ್ನೂ ಚಟಕ್ಕೆ ಸಿಕ್ಕವರನ್ನೂ ಅಂಕಿಗಳಿಂದಲೇ ಬೇರ್ಪಡಿಸಬಹುದೇ ಎಂಬ ಪ್ರಶ್ನೆ ಅಷ್ಟು ಸುಲಭದ್ದಲ್ಲ.

ಜೂಜಿನ ಅಧ್ಯಯನಗಳು ಬಹುಕಾಲ ಆಟಗಾರರ ನೆನಪನ್ನೇ ನಂಬಿದ್ದವು. ತಿಂಗಳಿಗೆ ಎಷ್ಟು ಕಳೆದಿರಿ ಎಂದು ಕೇಳಿದರೆ ಗೆದ್ದದ್ದನ್ನು ಹೆಚ್ಚಿಸಿ, ಸೋತದ್ದನ್ನು ತಗ್ಗಿಸಿ ಹೇಳುವುದು ಮನುಷ್ಯ ಸಹಜ. ಆನ್‌ಲೈನ್ ಆಟದಲ್ಲಿ ಮಾತ್ರ ಪ್ರತಿಯೊಂದು ಪಣವೂ ದಾಖಲಾಗುತ್ತದೆ. 2005ರ ಫೆಬ್ರುವರಿಯಲ್ಲಿ ಬಿವಿನ್ ಎಂಬ ಯುರೋಪಿನ ಬೆಟ್ಟಿಂಗ್ ಕಂಪನಿಯಲ್ಲಿ ಖಾತೆ ತೆರೆದ 40 ಸಾವಿರಕ್ಕೂ ಹೆಚ್ಚು ಜನರ ದಾಖಲೆಯನ್ನು ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಸೇರಿದ ಸಂಶೋಧಕರು ಎಂಟು ತಿಂಗಳ ಕಾಲ ಗಮನಿಸಿ 2007ರಲ್ಲಿ ಪ್ರಕಟಿಸಿದರು. ಕ್ರೀಡಾ ಬೆಟ್ಟಿಂಗಿನ ನಡುಮಟ್ಟದ ಆಟಗಾರ ನಾಲ್ಕು ದಿನಕ್ಕೊಮ್ಮೆ, ತಲಾ 4 ಯೂರೋಗಳ ಎರಡು ಮೂರು ಬೆಟ್ ಕಟ್ಟುತ್ತಿದ್ದ, ಅಷ್ಟೇ. ಆನ್‌ಲೈನ್‌ಗೆ ಬಂದವರೆಲ್ಲ ಮುಳುಗುತ್ತಾರೆಂಬ ಭಯವನ್ನು ಈ ಅಂಕಿ ತಗ್ಗಿಸಿತು. ಅದೇ ವೇಳೆಗೆ, ಉಳಿದವರಿಗೆ ಹೋಲಿಕೆಯೇ ಇಲ್ಲದಷ್ಟು ಆಡುವ ಶೇಕಡಾ ಒಂದರಷ್ಟು ಜನರ ತುದಿಯೊಂದು ಬೇರೆಯಾಗಿ ಎದ್ದು ಕಂಡಿತು.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದೇ ಬಳಗದ ಮುಂದಿನ ಕೆಲಸ. ಖಾತೆ ಮುಚ್ಚಿದವರ ಮೊದಲ ತಿಂಗಳ ಆಟವನ್ನು ಮಾತ್ರ ತೆಗೆದುಕೊಂಡು ನೋಡಿದಾಗ, ಪದೇಪದೇ ಆಡುವುದು, ಆಡಿದ ದಿನ ಬಹಳ ಸಲ ಪಣ ಕಟ್ಟುವುದು, ಪಣದ ಮೊತ್ತ ಒಮ್ಮೆ ಸಣ್ಣದು ಒಮ್ಮೆ ದೊಡ್ಡದು ಎಂದು ವಿಪರೀತ ಏರಿಳಿಯುವುದು, ತಿಂಗಳ ಕೊನೆಯ ಹೊತ್ತಿಗೆ ಒಟ್ಟಾರೆ ಮೊತ್ತ ಮೇಲೇರುವುದು ಎಂಬ ನಾಲ್ಕು ಲಕ್ಷಣಗಳು ಒಂದೆಡೆ ಕೂಡಿದ ಗುಂಪಿನಲ್ಲಿ ಸುಮಾರು ಮುಕ್ಕಾಲು ಪಾಲು ಜನರು ಜೂಜಿನ ತೊಂದರೆಯ ಕಾರಣಕ್ಕೇ ಖಾತೆ ಮುಚ್ಚಿದ್ದರು. ಅಂದರೆ ಕಳೆದ ಮೊತ್ತ ಎಷ್ಟೆಂಬುದಕ್ಕಿಂತ ಅದು ಹೋದ ರೀತಿ ಹೆಚ್ಚು ತಿಳಿಸುತ್ತದೆ. ದೊಡ್ಡ ವ್ಯಾಪಾರಿ ತಿಂಗಳಿಗೆ ಹತ್ತು ಸಾವಿರ ಕಳೆದೂ ನಿಶ್ಚಿಂತನಾಗಿರಬಹುದು. ಎರಡು ಸಾವಿರವನ್ನು ಒಂದೇ ಸಂಜೆ ಏರುಮೊತ್ತಗಳಲ್ಲಿ ಕಳೆದ ವಿದ್ಯಾರ್ಥಿಯ ಬಗ್ಗೆ ನಾನು ಹೆಚ್ಚು ಚಿಂತಿಸುತ್ತೇನೆ. "ಹೋದ ರೊಕ್ಕಾ ಹೊಳ್ಳಿ ತಗಿಯೂ ತನಕ ಬಿಡಂಗಿಲ್ರೀ" ಎಂದು ನಮ್ಮ ಕಡೆ ಓಸಿ, ಅಂದರೆ ಮಟ್ಕಾ, ಆಡುವವರು ಹೇಳುವ ಮಾತೇ ಆ ಏರುಮೊತ್ತಗಳಲ್ಲಿ ಅಂಕಿಯಾಗಿ ನಿಂತಿರುತ್ತದೆ.

ಈ ವಿಧಾನಕ್ಕೆ ಮಿತಿಗಳಿವೆ. ಖಾತೆ ಮುಚ್ಚುವಾಗ ಕೊಟ್ಟ ಕಾರಣವನ್ನು ರೋಗನಿರ್ಣಯವೆಂದು ತಿಳಿಯಲಾಗದು. ಅಮೆರಿಕದ ಮನೋವೈದ್ಯರ ಸಂಘವು 2013ರ ಕೈಪಿಡಿಯಲ್ಲಿ ಜೂಜನ್ನು ವ್ಯಸನಗಳ ಸಾಲಿಗೆ ಸೇರಿಸಿ ಒಂಬತ್ತು ಲಕ್ಷಣಗಳನ್ನು ಪಟ್ಟಿ ಮಾಡಿದ್ದು, ಒಂದು ವರ್ಷದೊಳಗೆ ಅವುಗಳಲ್ಲಿ ನಾಲ್ಕಾದರೂ ಇರಬೇಕೆನ್ನುತ್ತದೆ. ಪಣ ಹೆಚ್ಚಿಸುತ್ತ ಹೋಗುವುದು, ಸೋತದ್ದನ್ನು ಪಡೆಯಲು ಮತ್ತೆ ಬರುವುದು ದಾಖಲೆಯಲ್ಲಿ ಕಾಣುತ್ತವೆ. ಮನೆಯವರಿಗೆ ಸುಳ್ಳು ಹೇಳುವುದು, ಆಡದಿದ್ದರೆ ಸಿಡಿಮಿಡಿಗೊಳ್ಳುವುದು ಎಲ್ಲಿಂದ ಕಾಣಬೇಕು? ಇನ್ನೊಂದು ತೊಡಕೆಂದರೆ, ಒಂದು ಕಂಪನಿಗೆ ತನ್ನಲ್ಲಿ ನಡೆದ ಆಟ ಮಾತ್ರ ಗೊತ್ತು. ಅದೇ ವ್ಯಕ್ತಿ ಮತ್ತೆರಡು ಆ್ಯಪ್‌ಗಳಲ್ಲಿ ಸೋಲುತ್ತಿದ್ದರೂ ಅದರ ಪಾಲಿಗೆ ಅವನು ಸಭ್ಯ ಗ್ರಾಹಕ. ಜೊತೆಗೆ, ಯಾರಿಗೆ ಬೋನಸ್ ಕೊಟ್ಟು ಉಳಿಸಿಕೊಳ್ಳಬೇಕೆಂದು ಹುಡುಕಲೂ ಕಂಪನಿಗೆ ಇದೇ ದಾಖಲೆ ಬೇಕಾಗುತ್ತದೆ. ಆಟಗಾರನ ರಕ್ಷಣೆಯನ್ನು ಅದರ ಒಳ್ಳೆಯತನಕ್ಕೇ ಬಿಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಬ್ಯಾಂಕಿನ ದಾಖಲೆ ಈ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಬ್ರಿಟನ್ನಿನಲ್ಲಿ ಲಾಯ್ಡ್ಸ್ ಬ್ಯಾಂಕಿನ ಸುಮಾರು 65 ಲಕ್ಷದವರೆಗಿನ ಗ್ರಾಹಕರ, ಹೆಸರು ತೆಗೆದ ವಹಿವಾಟುಗಳನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೂಜಿನ ಖರ್ಚು ಹೆಚ್ಚಿದಂತೆ ತುರ್ತು ಸಾಲ, ತಪ್ಪಿದ ಕಂತು, ರಾತ್ರಿ ಎಚ್ಚರವಿರುವುದು, ಮುಂದೆ ನಿರುದ್ಯೋಗಿಯಾಗುವುದು ಇವೆಲ್ಲ ಜೊತೆಜೊತೆಗೆ ಹೆಚ್ಚುವುದು ಕಂಡುಬಂತು. ಯಾವುದರಿಂದ ಯಾವುದು ಹುಟ್ಟಿತೆಂದು ಅದು ಸಾಧಿಸಿ ತೋರಿಸುವುದಿಲ್ಲ.

ನಮ್ಮಲ್ಲಿ ಈ ಕೆಲಸ ಇನ್ನೂ ಜಟಿಲವಾಗಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಅವುಗಳಿಗೆ ಪಾವತಿ ಸಾಗಿಸದಂತೆ ಬ್ಯಾಂಕುಗಳಿಗೂ ತಡೆ ಹಾಕಿತು. ದೇಶದ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ನಿಲ್ಲಿಸದೆ ಉಳಿದ ವಿದೇಶಿ ಆ್ಯಪ್‌ಗಳು ಬಾಡಿಗೆಗೆ ಪಡೆದ ಯಾರದೋ ಖಾತೆಗಳ ಮೂಲಕ ಹಣ ತರಿಸಿಕೊಳ್ಳುತ್ತವೆ. ಮೊದಲು ಸ್ಟೇಟ್‌ಮೆಂಟಿನಲ್ಲಿ ರಮ್ಮಿ ಕಂಪನಿಯ ಹೆಸರಾದರೂ ಇರುತ್ತಿತ್ತು. ಈಗ ಅಲ್ಲಿರುವುದು ಅಪರಿಚಿತ ವ್ಯಕ್ತಿಯ ಹೆಸರು. ಹೆಸರು ಮರೆಯಾದ ಮೇಲೆ ಸುಳಿವಾಗಿ ಉಳಿದಿರುವುದು ಪಾವತಿಯ ಹೊತ್ತು, ಮೊತ್ತ, ಅಂತರಗಳಷ್ಟೇ.

ಆ ಲಕ್ಷಣಗಳೂ ಮೋಸ ಮಾಡುತ್ತವೆ. ಕಬ್ಬು ಕಡಿಯುವ ಗ್ಯಾಂಗಿಗೆ ಮುಂಗಡ ಕೊಡುವ ಟ್ರ್ಯಾಕ್ಟರ್ ಮಾಲೀಕನ ಖಾತೆಯಲ್ಲಿಯೂ ದುಂಡು ಮೊತ್ತಗಳು, ಅಪರಿಚಿತ ಹೆಸರುಗಳು, ನಡುರಾತ್ರಿಯ ಪಾವತಿಗಳು ಇರುತ್ತವೆ, ಏಕೆಂದರೆ ಗ್ಯಾಂಗಿನ ಮುಖಂಡ ಫೋನ್ ಮಾಡುವುದಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಆದರೆ ಅಲ್ಲಿ ಹಣ ಬೇರೆ ಬೇರೆಯವರಿಗೆ ಹೋಗುತ್ತದೆ, ನಿಮಿಷಗಳ ಅಂತರದಲ್ಲಿ ಏರುವುದಿಲ್ಲ, ಮರುದಿನ ಸಾಲದ ಆ್ಯಪ್ ಬರುವುದಿಲ್ಲ. ಒಂದೇ ಲಕ್ಷಣ ಹಿಡಿದು ಯಾರನ್ನೂ ಜೂಜುಕೋರನೆಂದು ಕರೆಯಬಾರದೆಂಬ ನನ್ನ ಹಟಕ್ಕೆ ಇದೇ ಕಾರಣ.

ಗ್ರಾಹಕನ ಖಾತೆಯಲ್ಲಿ ಕಂಡದ್ದನ್ನು ಅವನ ತಂದೆಗಾಗಲಿ ಹೆಂಡತಿಗಾಗಲಿ ಹೇಳುವ ಅಧಿಕಾರ ಬ್ಯಾಂಕಿನವನಿಗೆ ಇಲ್ಲ, ಇರಬಾರದು ಕೂಡ. ಅವನನ್ನೇ ಕೂರಿಸಿಕೊಂಡು ಕೇಳಬಹುದು, ಯುಪಿಐಯ ದಿನದ ಮಿತಿಯನ್ನು ಇಳಿಸಿಕೊಳ್ಳಲು ಹೇಳಬಹುದು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೋ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯನ್ನೋ ತಿಳಿಸಬಹುದು. ಪಾಸ್‌ಬುಕ್ಕನ್ನು ಎಷ್ಟು ತಿರುವಿ ಹಾಕಿದರೂ ಅದರಲ್ಲಿ ಸಿಗುವುದು ದಿನಾಂಕ ಮಾತ್ರ. ಎಷ್ಟು ಗಂಟೆಗೆ, ಎಷ್ಟು ನಿಮಿಷದ ಅಂತರದಲ್ಲಿ ಹಣ ಹೋಯಿತೆಂಬುದು ಅವನ ಮೊಬೈಲಿನ ಯುಪಿಐ ಆ್ಯಪ್‌ನಲ್ಲಿರುತ್ತದೆ. ಅದನ್ನು ಅವನೇ ತೆರೆದು ತೋರಿಸಬೇಕು.