ಬದುವಿನ ಏಡಿ, ಬೇರಿಂಗ್ ಸಮುದ್ರದ ಮರಿ

ನಮ್ಮ ಪಾಂಡವಪುರದ ಕಡೆ ಏಡಿ ಅಂದರೆ ಎರಡೇ ಮಾತು. ಒಂದು, ಗದ್ದೆ ಬದು ತೂತು ಮಾಡಿ ನೀರು ಸೋರಿಸುತ್ತದೆ. ಇನ್ನೊಂದು, ಮುದ್ದೆಗೆ ಸಾರಾಗುತ್ತದೆ. ಹೆಣ್ಣು ಏಡಿಯ ಹೊಟ್ಟೆ ಕೆಳಗಿನ ಮುಚ್ಚಳ ಬಿಡಿಸಿದರೆ ಒಮ್ಮೊಮ್ಮೆ ರಾಶಿ ಮರಿಗಳು ಸಿಗುತ್ತವೆ. ಪುಟ್ಟದಾದರೂ ಕಾಲು, ಕಣ್ಣು ಎಲ್ಲ ಇರುವ ಪೂರಾ ಏಡಿಗಳೇ. ಅಂಥದ್ದು ಸಿಕ್ಕರೆ ಅವ್ವ ಸಾರಿಗೆ ಹಾಕುವುದಿಲ್ಲ, ನಾಲೆಗೆ ಬಿಟ್ಟು ಬಾ ಅನ್ನುತ್ತಾಳೆ.

ಅಲಾಸ್ಕಾದ ಸಮುದ್ರದಲ್ಲಿರುವ ಕೆಂಪು ಕಿಂಗ್ ಕ್ರ್ಯಾಬ್ ಎಂಬ ದೊಡ್ಡ ಏಡಿಯ ದಾರಿಯೇ ಬೇರೆ. ತಾಯಿ ಸುಮಾರು ಒಂದು ವರ್ಷ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತಿರುತ್ತದೆ. ಲಕ್ಷಗಟ್ಟಲೆ ಮೊಟ್ಟೆ. ಒಡೆದ ಮೇಲೆ ಮಾತ್ರ ಸಂಬಂಧ ಮುಗಿಯಿತು. ಅವ್ವನಿಗೆ ಹೇಳಿದಾಗ, "ಅಲ್ಲಾ ಕಣ್ ಮಗ, ಅಷ್ಟು ಹೊತ್ತು ಒಂದನ್ನೂ ಸಾಕಾಕಿಲ್ವಾ?" ಅಂದಳು.

ಸಾಕುವುದು ಸಮುದ್ರ. ಚಳಿಗಾಲ ಕಳೆದು ಬೆಳಕು ಜಾಸ್ತಿಯಾದಾಗ ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದಲ್ಲಿ ಡಯಾಟಂ ಎಂಬ ಸೂಕ್ಷ್ಮ ಪಾಚಿ ತುಂಬಿಕೊಳ್ಳುತ್ತದೆ. ಸರಿಯಾಗಿ ಆ ಹೊತ್ತಿಗೇ ಮೊಟ್ಟೆ ಒಡೆಯುತ್ತವೆ. ಹೊರಬಂದ ಮರಿಗೆ ಏಡಿಯ ಆಕಾರವೇ ಇಲ್ಲ, ಉದ್ದ ಮುಳ್ಳಿನ ಪುಟಾಣಿ ಸೀಗಡಿ ಅನ್ನಬಹುದು. ಇದಕ್ಕೆ ಜೋಯಿಯಾ ಅನ್ನುತ್ತಾರೆ. ಪಾಚಿ, ಇನ್ನೂ ಸಣ್ಣ ಜೀವಿಗಳ ಮರಿ, ಸಿಕ್ಕಿದ್ದನ್ನು ತಿಂದು, ಸಿಪ್ಪೆ ಕಳಚುತ್ತಾ ನಾಲ್ಕು ಹಂತ ದಾಟುತ್ತದೆ. ನೀರು ತಣ್ಣಗಿದ್ದಷ್ಟೂ ಇದೆಲ್ಲ ನಿಧಾನ. ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊಳೆಗೆ ಬಿದ್ದ ತರಗೆಲೆಯಂತೆ ಸುಮ್ನೆ ತೇಲುತ್ತದೆ ಅಂದುಕೊಳ್ಳಬೇಡಿ. ಅಡ್ಡಡ್ಡ ಎಲ್ಲಿಗೆ ಹೋಗಬೇಕೆಂಬುದು ಪ್ರವಾಹದ ಕೈಲಿದೆ, ಮೇಲೆ ಕೆಳಗೆ ಓಡಾಡುವುದು ಅದರ ಕೈಲಿದೆ.

ಆಮೇಲಿನ ಹಂತ ನನಗೆ ತುಂಬಾ ಇಷ್ಟ. ಹೆಸರು ಗ್ಲಾಕೋಥೋ. ಈ ಹಂತದಲ್ಲಿ ಮರಿ ಏನೂ ತಿನ್ನುವುದಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಜೀವ ಹಿಡಿದು ಮನೆ ಹುಡುಕುತ್ತದೆ. ಬರೀ ಮರಳು, ಕೆಸರು ಅದಕ್ಕೆ ಬೇಡ. ದಡದ ಹತ್ತಿರದ ಆಳವಿಲ್ಲದ ನೀರಲ್ಲಿ ಚಿಪ್ಪಿನ ಚೂರು, ಕಲ್ಲಿನ ಸಂದು, ಪಾಚಿ, ಪೊದೆಯಂತೆ ಕವಲೊಡೆದ ಹೈಡ್ರಾಯ್ಡ್ ಎಂಬ ಸಮುದ್ರಜೀವಿಗಳು ಇರುವ ನೆಲ ಬೇಕು. ಅಲ್ಲಿ ಅಂಟಿಕೊಂಡು ಕೊನೆಗೂ ಏಡಿಯಾಗುತ್ತದೆ. ಎರಡು ಮಿಲಿಮೀಟರಿನಷ್ಟು! ಬಯಲಿನಲ್ಲಿ ಇಳಿದರೆ ಮೀನಿನ ಬಾಯಿಗೆ ಹೋದಂತೆಯೇ. ಅಣ್ಣತಮ್ಮಂದಿರೂ ಬಿಡುವುದಿಲ್ಲ, ದೊಡ್ಡದು ಸಣ್ಣದನ್ನು ತಿನ್ನುತ್ತದೆ. ಹಾಗಾಗಿ ಒಂದೆರಡು ವರ್ಷ ಒಂಟಿಯಾಗಿ ಬಚ್ಚಿಟ್ಟುಕೊಂಡೇ ಬದುಕು. ಬೆಳೆದ ಮೇಲೆ ಸಾವಿರಾರು ಸೇರಿ ಗುಡ್ಡೆ ಕಟ್ಟಿಕೊಂಡು ಓಡಾಡುತ್ತವೆ. (ಅಂದಹಾಗೆ ಇದು ನಮ್ಮ ಏಡಿಯ ಹತ್ತಿರದ ನೆಂಟನೂ ಅಲ್ಲ, ಶಂಖದೊಳಗೆ ವಾಸಿಸುವ ಸನ್ಯಾಸಿ ಏಡಿಯ ಕುಲ. ನಡೆಯುವ ಕಾಲು ಎಣಿಸಿ ನೋಡಿ, ಕಣ್ಣಿಗೆ ಕಾಣುವುದು ಆರೇ.)

ಅಲಾಸ್ಕಾದಲ್ಲಿ ದೊಡ್ಡ ಗಂಡುಗಳನ್ನು ಮಾತ್ರ ಹಿಡಿಯಬೇಕು, ಹೆಣ್ಣನ್ನು ವಾಪಸ್ ನೀರಿಗೆ ಬಿಡಬೇಕು. ಅವ್ವನ ಕಾನೂನೇ ಅಲ್ವಾ! ಆದರೆ ಹೆಣ್ಣನ್ನು ಬಿಟ್ಟರೆ ಸಾಲದು, ಮರಿ ಇಳಿಯುವ ನೆಲವೂ ಉಳಿಯಬೇಕು ಅನ್ನುವುದು ನನ್ನ ವಾದ. ಬೇರಿಂಗ್ ಸಮುದ್ರದ ಬ್ರಿಸ್ಟಲ್ ಕೊಲ್ಲಿಯ ಒಳಭಾಗದ ಬಹುಪಾಲು ಕಡೆ ತಳ ಕೆರೆಯುವ ಬಲೆ ಎಳೆಯಬಾರದು ಅಂತ 1990ರ ದಶಕದಲ್ಲೇ ನಿಯಮ ಮಾಡಿರುವುದು ಇದಕ್ಕೇ. ಇಷ್ಟಾದರೂ 2021ರಲ್ಲಿ ಹೆಣ್ಣುಗಳ ಸಂಖ್ಯೆ ತೀರಾ ಇಳಿದು, ಅಲ್ಲಿ ಎರಡು ಸೀಸನ್ ಏಡಿ ಹಿಡಿಯುವುದನ್ನೇ ನಿಲ್ಲಿಸಿದರು. 2023ರಲ್ಲಿ ಮತ್ತೆ ಶುರುವಾಯಿತು. ಮರಿ ಬಲೆಗೆ ಬರುವಷ್ಟು ದೊಡ್ಡದಾಗಲು ಏಳೆಂಟು ವರ್ಷ ಬೇಕು. ಈ ವರ್ಷ ನೆಲ ಸಿಗದೆ ಸತ್ತ ಮರಿಗಳ ಲೆಕ್ಕ ದೋಣಿಯವರಿಗೆ ಗೊತ್ತಾಗುವುದು ಅಷ್ಟು ವರ್ಷ ಕಳೆದ ಮೇಲೆ.