ಬಿಟ್ಟುಹೋದ ರೋಗಿಗಳ ಲೆಕ್ಕ

ಮುಂಬೈಯಲ್ಲಿ ನಡೆಯಲಿರುವ ಒಂದು ವೈದ್ಯಕೀಯ ಸಮ್ಮೇಳನಕ್ಕೆ ಬಂದ ಅಬ್‌ಸ್ಟ್ರ್ಯಾಕ್ಟ್‌ಗಳನ್ನು, ಅಂದರೆ ಸಂಶೋಧನೆಗಳ ಚಿಕ್ಕ ಸಾರಾಂಶಗಳನ್ನು, ಓದಿ ಅಂಕ ಕೊಡಲು ಒಪ್ಪಿಕೊಂಡಿದ್ದೇನೆ. ದುಡ್ಡಿನ ಕೆಲಸ ಅಲ್ಲ. ಇಲ್ಲಿ ಪುಣೆಯಲ್ಲಿ ಓಪಿಡಿ ಮುಗಿಸಿ, ರಾತ್ರಿ ಊಟ ಆದಮೇಲೆ ಓದುತ್ತಾ ಕೂರುತ್ತೇನೆ.

ಬರೆದವರು ಯಾರು, ಯಾವ ಆಸ್ಪತ್ರೆ ಅಂತ ನಮಗೆ ಕಾಣುವುದಿಲ್ಲ. ಒಳ್ಳೆಯದೇ. ದೊಡ್ಡ ಪ್ರೊಫೆಸರೂ ಕಲಬುರಗಿಯ ಪಿಜಿ ಹುಡುಗಿಯೂ ಇಲ್ಲಿ ಒಂದೇ. ನಾನು ಮೊದಲು ನೋಡುವುದು ರೋಗಿಗಳ ಲೆಕ್ಕ. ಇಷ್ಟು ಜನರನ್ನು ಸೇರಿಸಿಕೊಂಡೆವು ಅಂತ ಮೇಲೆ ಇರುತ್ತದೆ, ರಿಸಲ್ಟ್ಸ್‌ಗೆ ಬರುವಷ್ಟರಲ್ಲಿ ಸಂಖ್ಯೆ ಕಮ್ಮಿ ಆಗಿರುತ್ತದೆ, ಮಧ್ಯೆ ಬಿಟ್ಟುಹೋದವರಿಗೆ ಔಷಧಿ ಒಗ್ಗಲಿಲ್ಲವಾ, ಬಸ್ ಚಾರ್ಜಿಗೆ ದುಡ್ಡಿರಲಿಲ್ಲವಾ, ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅವರನ್ನೂ ಲೆಕ್ಕಕ್ಕೆ ಹಿಡಿದರೆ ಇಡೀ ಫಲಿತಾಂಶವೇ ತಿರುಗಬಹುದು, ಅಲ್ವಾ?

ಔಷಧಿಯ ಟ್ರಯಲ್ ಆದರೆ, ನಮ್ಮ ದೇಶದ ಇಂಥ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಹುಡುಕುತ್ತೇನೆ. ನಮ್ಮಲ್ಲಿ 2009ರ ಜೂನ್‌ನಿಂದ ಅದು ಕಡ್ಡಾಯ. ಏನನ್ನು ಅಳೆಯುತ್ತೇವೆ ಅಂತ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಅಲ್ಲಿ ಬರೆದಿಡಬೇಕು. ಆಮೇಲೆ ಚೆನ್ನಾಗಿ ಬಂದದ್ದನ್ನಷ್ಟೇ ಹೆಕ್ಕಿ ತೋರಿಸುವುದು ಕಷ್ಟವಾಗುತ್ತದೆ.

ಸುಮ್ನೆ ಅಂಕ ಹಾಕಿ ಮುಗಿಸಬಹುದು, ಕಾಮೆಂಟ್ ಬರೆಯಲೇಬೇಕು ಅಂತಿಲ್ಲ. ಆದರೂ ನಾಲ್ಕು ಸಾಲು ಬರೆಯುತ್ತೇನೆ. ವರ್ಷಗಟ್ಟಲೆ ವಾರ್ಡ್‌ನಲ್ಲಿ ಓಡಾಡಿ ಮಾಹಿತಿ ಕೂಡಿಸಿದ ಹುಡುಗರಿಗೆ ‘ಆಯ್ಕೆಯಾಗಿಲ್ಲ’ ಅನ್ನುವ ಒಂದು ಮೇಲ್ ಮಾತ್ರ ಹೋದರೆ ಅವರು ತಿದ್ದಿಕೊಳ್ಳುವುದು ಹೇಗೆ? ಅದೇ ನನಗೆ ಜಾಸ್ತಿ ಕಾಡುತ್ತದೆ.

ಪುಣೆ, ಮುಂಬೈ ಕಡೆಯ ನಮ್ಮ ಕನ್ನಡದ ಡಾಕ್ಟರುಗಳು ಯಾರಾದರೂ ಬಿಡುವು ಮಾಡಿಕೊಳ್ಳುವುದಾದರೆ ಹೇಳಿ. ಓದುವವರು ಇನ್ನೂ ಬೇಕಾಗಿದ್ದಾರೆ.